ವಾಪಸ್ ರಿಂಗು

ಏಳನೆಯ ಸಾಲಿಗೆ ಮೊಗ್ಗು ಪೋಣಿಸುತ್ತಿದ್ದಾಗ ಮೊಬೈಲು ಒಂದು ಸಲ ಹೊಡೆದುಕೊಂಡು ಸುಮ್ಮನಾಯಿತು. ಸುಕನ್ಯ ತಲೆ ಎತ್ತಲಿಲ್ಲ. ಬೆರಳುಗಳು ಒದ್ದೆಯಾಗಿದ್ದವು, ತುಟಿಗಳ ನಡುವೆ ಇನ್ನೊಂದು ಸೂಜಿಯಿತ್ತು. ತೊಡೆಯ ಮೇಲೆ ಬಟ್ಟೆ ಸುತ್ತಿದ ಉದ್ದನೆಯ ರಟ್ಟಿನ ಪಟ್ಟಿ. ಅದರ ಮೇಲೆ ಮಲ್ಲಿಗೆ ಮೊಗ್ಗುಗಳು ತೊಟ್ಟು ಒಳಗೆ, ಮೂತಿ ಹೊರಗೆ ಮಾಡಿಕೊಂಡು ಒತ್ತೊತ್ತಾಗಿ ಕೂತಿದ್ದವು. ಸಂಜೆ ಆರಕ್ಕೆ ಈ ಮೊಗ್ಗಿನ ಜಡೆ ಮದುಮಗಳ ಬೆನ್ನ ಮೇಲಿರಬೇಕು.

"ಬಂತು ನೋಡು, ಟ್ರಿಂಗ್ ಸಾಬ್‌ದು," ಎಂದಳು ಎದುರಿಗೆ ಕೂತು ಜಡೆಯ ತುದಿಗೆ ಜರಿ ಕುಚ್ಚು ಕಟ್ಟುತ್ತಿದ್ದ ಸಾಬಿರಾ. ಪಕ್ಕದ ಮನೆಯವಳು. ಕೆಲಸ ಹೆಚ್ಚಿದ್ದ ದಿನ ಜೊತೆಗೆ ಕೂರುವವಳು. "ವಾಪಸ್ ಕೊಟ್ಬಿಡು ಜಲ್ದಿ. ಐದು ನಿಮಿಷ ಆದ್ರೆ ಬೀಪಿ ಏರ್ತದೆ ಅವನಿಗೆ."

ಸುಕನ್ಯ ಸೂಜಿಯನ್ನು ಸೆರಗಿಗೆ ಚುಚ್ಚಿ, ಕೈ ಒರೆಸಿಕೊಂಡು ಮೊಬೈಲು ತೆಗೆದಳು. ಒಂದು ರಿಂಗು ಕೊಟ್ಟು ಕತ್ತರಿಸಿದಳು. ಮತ್ತೆ ಕೈ ಒದ್ದೆ ಮಾಡಿಕೊಂಡು ಮೊಗ್ಗು ಹಿಡಿದಳು.

ಒಂದು ರಿಂಗು ಅಂದರೆ 'ಇದ್ದೀನಿ, ನೀನು ಇದ್ದೀಯಾ?' ಎರಡು ರಿಂಗು ಅಂದರೆ 'ಹಲಸೂರು ಕೆರೆ ಹತ್ತಿರ ಬಾ.' ಎತ್ತಿ ಮಾತಾಡುವಂತಿರಲಿಲ್ಲ. ಮೊಬೈಲು ಹೊಸದಾಗಿ ಕೈಗೆ ಬಂದ ವರ್ಷ ಊರೆಲ್ಲ ಹೀಗೇ ಮಾಡುತ್ತಿತ್ತು; ಹಾಲಿನವರಿಂದ ಹಿಡಿದು ಕಾಲೇಜು ಹುಡುಗಿಯರವರೆಗೆ ಎಲ್ಲರೂ ಮಿಸ್ಡ್ ಕಾಲ್‌ನಲ್ಲೇ ಸಂಸಾರ ಸಾಗಿಸುತ್ತಿದ್ದರು. ಈಗ ಎರಡು ಸಾವಿರದ ಐದು. ಬೇರೆಯವರೆಲ್ಲ ಎತ್ತಿ ಮಾತಾಡುವುದನ್ನು ಕಲಿತಿದ್ದರು. ಪ್ರೇಮ್‌ಕುಮಾರ್ ಮಾತ್ರ ಕಲಿತಿರಲಿಲ್ಲ. ಅವನಿಗೆ ರಿಂಗೇ ಸಾಕಾಗಿತ್ತು. ದಿನಕ್ಕೆ ಹತ್ತು ಸಲವಾದರೂ ಸರಿ, ವಾಪಸ್ ರಿಂಗು ಬಂದರೆ ಅವನ ಜೀವ ಜಾಗಕ್ಕೆ ಬರುತ್ತಿತ್ತು. ಬರದಿದ್ದರೆ ಅವಳ ಮೊಬೈಲು ಇಪ್ಪತ್ತು ಸಲ ಹೊಡೆಯುತ್ತಿತ್ತು. ಒಮ್ಮೆ ಅವಳು ಅಮ್ಮನನ್ನು ಕರೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾಗ ಮೂವತ್ತೊಂದು ರಿಂಗು ಬಂದಿದ್ದವು.

ಅಂಥವನ ತಂಗಿಯ ಜಡೆಯೇ ಈಗ ಅವಳ ತೊಡೆಯ ಮೇಲಿತ್ತು. ಇವತ್ತು ಸಂಜೆ ಧನಲಕ್ಷ್ಮಿಯ ಆರತಕ್ಷತೆ. ಇವತ್ತೇ ಛತ್ರದಲ್ಲಿ ತಾಯಿಗೆ ಸುಕನ್ಯಳ ವಿಷಯ ಹೇಳುತ್ತೇನೆಂದು ಪ್ರೇಮ್‌ಕುಮಾರ್ ಮಾತು ಕೊಟ್ಟಿದ್ದ. ಈ ಆರು ವರ್ಷಗಳಲ್ಲಿ ಅವನು ಇಂಥ ದಿನ ಎಂದು ಹೆಸರು ಹಿಡಿದು ಹೇಳಿದ್ದು ಇದೇ ಮೊದಲು.

ಹಾಗೆ ನೋಡಿದರೆ ಮೊದಲಿನಿಂದಲೂ ಹೆಜ್ಜೆ ಇಟ್ಟದ್ದೆಲ್ಲ ಅವಳೇ. ಹಳೇ ಮದರಾಸು ರಸ್ತೆಯ ಮಿಕ್ಸಿ, ಫ್ಯಾನಿನ ಅಂಗಡಿಯಲ್ಲಿ ಅವನು ರಿಪೇರಿಗೆ ಕೂರುತ್ತಿದ್ದ. ಅವಳು ಜಾರು ಸೋರುತ್ತದೆಂದು ಒಯ್ದಿದ್ದಳು. ಸರಿಮಾಡಿಕೊಟ್ಟ, ಎರಡೇ ದಿನಕ್ಕೆ ಮತ್ತೆ ಸೋರಿತು. ಮತ್ತೆ ಒಯ್ದಳು, ಮತ್ತೆ ಸೋರಿತು. ಮೂರನೆಯ ಸಲ ಅವನು ತಲೆ ತಗ್ಗಿಸಿ ವಾಷರು ತಿರುಗಿಸುತ್ತಿದ್ದಾಗ ಅವನ ಕಿವಿ ಕೆಂಪಾಗಿದ್ದನ್ನು ಕಂಡು ಅವಳಿಗೆ ಅರ್ಥವಾಯಿತು. "ರೀ, ಈ ಮಿಕ್ಸಿ ಸರಿಹೋಗೋದು ನಿಮ್ಗೆ ಇಷ್ಟ ಇಲ್ವಾ?" ಎಂದು ಕೇಳಿಯೇ ಬಿಟ್ಟಿದ್ದಳು. ಅವನು ನಕ್ಕಿದ್ದ. ಅದೇ ಅವನ ಒಪ್ಪಿಗೆ. ಆಗ ಅವಳಿಗೆ ಇಪ್ಪತ್ತಾರು. ಇಷ್ಟು ನಾಚಿಕೆಯ ಗಂಡಸು ಕೆಟ್ಟವನಾಗಿರಲು ಸಾಧ್ಯವಿಲ್ಲ ಎಂದುಕೊಂಡಿದ್ದಳು. ಅದರಲ್ಲೇನೂ ತಪ್ಪಿರಲಿಲ್ಲ, ಅವನು ಕೆಟ್ಟವನಲ್ಲ.

ಹೊರಮಾವಿನ ಮನೆ ಅವನದು. ತಂದೆ ದೊಡ್ಡಮುನಿಯಪ್ಪನವರ ರಾಗಿ ಹೊಲ ಲೇಔಟಾಗಿತ್ತು, ಉಳಿದ ಜಾಗದಲ್ಲಿ ಎರಡು ಸಾಲು ಬಾಡಿಗೆ ಮನೆ ಎದ್ದಿದ್ದವು. ಮಗ ಮಿಕ್ಸಿ ರಿಪೇರಿಗೆ ಹೋಗುವ ಅಗತ್ಯವೇ ಇರಲಿಲ್ಲ. ಅಪ್ಪನ ಎದುರು ಕೂರುವುದಕ್ಕಿಂತ ಅದು ಸುಲಭವೆಂದು ಹೋಗುತ್ತಿದ್ದ. ಸುಕನ್ಯಳದು ಮರ್ಫಿ ಟೌನಿನ ಎರಡು ಕೋಣೆಯ ಮನೆ. ಅಪ್ಪ ಇಲ್ಲ. ಅಮ್ಮನಿಂದ ಬಂದ ಜಡೆ ಹೊಲಿಯುವ ಕೈ ಇತ್ತು, ಮನೆಯೊಳಗೆ ತಮಿಳೂ ಕನ್ನಡವೂ ಕಲಸಿದ ಮಾತಿತ್ತು. ಆರು ವರ್ಷವಾದರೂ ಅವನನ್ನು ಅವಳು ಬಹುವಚನದಲ್ಲೇ ಮಾತಾಡಿಸುತ್ತಿದ್ದಳು. ಅಂಗಡಿಯ ಕಟ್ಟೆ ಇನ್ನೂ ಇಬ್ಬರ ನಡುವೆಯೇ ಇದ್ದ ಹಾಗೆ.

"ಗುಲಾಬಿ ಎಸಳು ಎಷ್ಟು ಬೇಕು?" ಎಂದು ಸಾಬಿರಾ ಕೇಳಿದಳು.

"ನಡುವೆ ಮೂರು ಬಿಲ್ಲೆಗಾಗೋಷ್ಟು."

"ಮುಖ ನೋಡು ಇವಳ್ದು. ನಿನ್ನ ನಾದಿನಿ ಜಡೆ, ಸ್ವಲ್ಪ ನಗ್ತಾ ಹೊಲಿ. ಮೊಗ್ಗು ಹೆದರ್ಕೊಂಡು ಈಗಲೇ ಅರಳ್ಬಿಟ್ರೆ?"

ಸುಕನ್ಯ ನಕ್ಕಳು. ಆದರೆ ಬೆರಳಿನಲ್ಲಿದ್ದ ಮೊಗ್ಗು ಚಿವುಟಿಹೋಯಿತು. ಅದನ್ನು ಬದಿಗಿಟ್ಟು ಬೇರೆ ತೆಗೆದುಕೊಂಡಳು.

ಹತ್ತು ದಿನದ ಹಿಂದೆ ಇದೇ ಚಾಪೆಯ ಮೇಲೆ ಅವನ ತಾಯಿ ಗಂಗಲಕ್ಷ್ಮಮ್ಮ ಕೂತಿದ್ದರು. ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಿಗೆ ಹೋಗಿ ನೋಡಿದರೆ ದುಂಡು ಮುಖದ, ಎರಡೂ ಕಡೆ ಮೂಗುಬೊಟ್ಟಿಟ್ಟ ಹೆಂಗಸು. "ಜಡೆ ಹೊಲಿಯೋ ಸುಕನ್ಯ ಅಂದ್ರೆ ನೀನೇನಾ ತಾಯಿ? ಹೊರಮಾವಿಂದ ಬಂದ್ವಿ. ಮಗ ಅಡ್ರೆಸ್ ಹೇಳ್ದ, ಅವನ ಅಂಗಡಿ ಹತ್ರ ಯಾರೋ ಹೇಳಿದ್ರಂತೆ." ಸುಕನ್ಯ ಅವರ ಹಿಂದೆ ಇಣುಕಿ ನೋಡಿದಳು. ಯಾರೂ ಇರಲಿಲ್ಲ. "ಅವನು ಟೀ ಅಂಗಡಿ ಹತ್ರ ಸ್ಕೂಟರ್ ನಿಲ್ಲಿಸ್ಕೊಂಡವ್ನೆ. ಹೆಂಗಸರ ವಿಷ್ಯ, ನೀನೇ ಹೋಗಿ ಬಾ ಅಂದ," ಎನ್ನುತ್ತ ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು.

ಮಗಳ ಜಡೆಯ ಅಳತೆಗೆಂದು ಗಂಟು ಹಾಕಿದ ಕೆಂಪು ದಾರ ತಂದಿದ್ದರು. ಸುಕನ್ಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಾಗ ಮೊಬೈಲು ಒಂದು ಸಲ ಹೊಡೆಯಿತು. ಬೀದಿಯ ಕೊನೆಯಿಂದ. 'ಇದ್ದೀನಿ.'

ಅವಳ ಕಿವಿ ಸುಡತೊಡಗಿತು. ತಟ್ಟೆಯಲ್ಲಿ ಕೊಬ್ಬರಿ ಮಿಠಾಯಿ ತಂದಿಟ್ಟಳು. ಗಂಗಲಕ್ಷ್ಮಮ್ಮ ಮುರಿದು ಒಂದು ಚೂರು ಮಾತ್ರ ಬಾಯಿಗೆ ಹಾಕಿಕೊಂಡರು. "ಈ ಕಡೆ ಹಲ್ಲಿಲ್ಲ ಕಣಮ್ಮ. ಸಂಕ್ರಾಂತಿಲಿ ಕೀಳಿಸ್ದೆ. ಏನ್ ನೋವು ಅಂತೀಯ! ಎರಡು ದಿನ ಅನ್ನ ಇಲ್ಲ, ಬರೀ ಅಳು. ಮನೆಯೋರೆಲ್ಲ ಹೆದರ್ಕೊಂಡ್ಬಿಟ್ಟಿದ್ರು."

ದಾರ ಸುಕನ್ಯಳ ಬೆರಳಿನಲ್ಲೇ ನಿಂತಿತು. ಸಂಕ್ರಾಂತಿಯ ಮಾರನೆಯ ದಿನ ಕೆರೆಯ ಕಲ್ಲುಬೆಂಚಿನ ಮೇಲೆ ಪ್ರೇಮ್‌ಕುಮಾರ್ ಹೇಳಿದ್ದ: ಅಮ್ಮನಿಗೆ ಹೇಳಿದೆ, ಜಾತಿ ಬೇರೆ ಅಂತ ಒಪ್ಪುತ್ತಿಲ್ಲ, ಎರಡು ದಿನದಿಂದ ಊಟ ಬಿಟ್ಟು ಅಳ್ತಾ ಇದ್ದಾರೆ, ಸ್ವಲ್ಪ ದಿನ ತಡೆಯೋಣ. ತನ್ನಿಂದ ಒಬ್ಬ ತಾಯಿ ಅನ್ನ ಬಿಟ್ಟಳಲ್ಲ ಎಂದು ಅವತ್ತಿನಿಂದ ಸುಕನ್ಯ ಶುಕ್ರವಾರ ಒಪ್ಪತ್ತು ಮಾಡುತ್ತಿದ್ದಳು. ಆ ತಾಯಿ ಈಗ ಎದುರಿಗೇ ಕೂತು ಹಲ್ಲಿಲ್ಲದ ಜಾಗವನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಮಗನಿಗೆ... ಮದುವೆ ಆಗಿದೆಯಾ ಅಮ್ಮ?" ಎಂದು ಕೇಳಿದ್ದು ತನ್ನದೇ ದನಿಯೇ ಎಂದು ಅವಳಿಗೆ ಅನುಮಾನವಾಯಿತು.

"ಅಯ್ಯೋ, ಅವನ ಕಥೆ ಯಾಕೆ ಕೇಳ್ತೀಯ! ಮೂವತ್ನಾಕು ವರ್ಷ. ತಂಗಿಗೆ ಮೊದ್ಲು ಆಗ್ತಾ ಐತೆ, ನೆಂಟರಿಗೆಲ್ಲ ಉತ್ತರ ಹೇಳಿ ಸಾಕಾಯ್ತು. ಹೂಂ ಅನ್ನಲ್ಲ, ಊಹೂಂ ಅನ್ನಲ್ಲ. ಹುಡುಗಿ ಫೋಟೊ ಕೊಟ್ರೆ ಟೀವಿ ಮೇಲೆ ಇಟ್ಬಿಟ್ಟು ಹೋಯ್ತಾನೆ. ಯಾರನ್ನಾದ್ರೂ ಇಷ್ಟಪಟ್ಟಿದ್ರೆ ಹೇಳಪ್ಪ, ಯಾವ ಜಾತಿ ಆದ್ರೂ ಆಗ್ಲಿ ಕಟ್ಬಿಡ್ತೀನಿ ಅಂದೆ. ನಮ್ ಭಾವನ ಮಗ ಕ್ರಿಶ್ಚಿಯನ್ ಹುಡುಗಿ ತಂದ, ಚೆನ್ನಾಗೇ ಅವ್ಳೆ. ಇವನು ಯಾರೂ ಇಲ್ಲ ಅಂದ್ಬಿಟ್ಟ."

"ಯಾರೂ ಇಲ್ಲ ಅಂದ್ರಾ?"

"ಹೂಂ ಕಣವ್ವ. ನೀನೇನಂತೀಯ, ಕುಚ್ಚು ದೊಡ್ಡದಾಗಿ ಬರಲಿ, ಅಲ್ವಾ?"

ಒಂದು ಮಾತು ಸಾಕಾಗಿತ್ತು. ಬಾಗಿಲು ತೆರೆದೇ ಇತ್ತು, ಒಳಗೆ ಕಾಲಿಡಬೇಕಿತ್ತು, ಅಷ್ಟೆ. ಸುಕನ್ಯ ಮಾತಿಗಾಗಿ ಒಳಗೆಲ್ಲ ಹುಡುಕಿದಳು. ಸಿಕ್ಕಿದ್ದು ಭಯ. ಈ ಹೆಂಗಸಿನ ಅಕ್ಕರೆ ಯಾರೋ ಒಬ್ಬ ಹುಡುಗಿಗೆ. ಆ ಹುಡುಗಿ ತಾನೇ ಎಂದರೆ ಮುಖ ಹೇಗಾಗುತ್ತದೋ? ಎರಡು ಕೋಣೆಯ ಮನೆ, ಮೂವತ್ತೆರಡು ವರ್ಷ, ಅಪ್ಪನಿಲ್ಲದವಳು. ಹೇಳದಿದ್ದರೆ ಬೇಡವೆನ್ನಿಸಿಕೊಳ್ಳುವ ಭಯವಿಲ್ಲ. ಆ ಯೋಚನೆ ಬಂದ ಕೂಡಲೇ ಅದು ತನ್ನದಲ್ಲ, ಅವನದು ಎಂದು ಅವಳಿಗೆ ಹೊಳೆಯಿತು. ಆರು ವರ್ಷದಲ್ಲಿ ಅವನ ಅಂಜಿಕೆ ಅವಳಿಗೂ ಅಂಟಿಕೊಂಡಿತ್ತು.

"ಹೌದಮ್ಮ, ದೊಡ್ಡ ಕುಚ್ಚೇ ಚೆನ್ನಾಗಿರತ್ತೆ," ಎಂದಳು.

ಅವತ್ತು ಸಂಜೆ ಎರಡು ರಿಂಗು ಬಂತು. ಕೆರೆಯ ಬೆಂಚಿನ ಮೇಲೆ ಪ್ರೇಮ್‌ಕುಮಾರ್ ಕೀಲಿಕೈ ಗೊಂಚಲು ತಿರುಗಿಸುತ್ತ ಕೂತಿದ್ದ. ಅವಳು ಬಂದ ಕೂಡಲೇ ಕೇಳಿದ: "ಏನಂದೆ ಅಮ್ಮಂಗೆ?"

"ಏನನ್ನಬೇಕಿತ್ತು?"

"ಅಲ್ಲ... ಅಷ್ಟೊತ್ತು ಕೂತಿದ್ರಲ್ಲ. ನೀನೇ ಹೇಳ್ತೀಯ ಅಂದ್ಕೊಂಡೆ. ಅದಕ್ಕೇ ಕರ್ಕೊಂಡು ಬಂದಿದ್ದು."

ಅವಳಿಗೆ ನಗು ಬಂತು. "ಸಂಕ್ರಾಂತಿಲಿ ಅವರು ಊಟ ಬಿಟ್ಟಿದ್ದು ಹಲ್ಲು ನೋವಿಗಂತೆ."

ಅವನು ಕೀಲಿಕೈ ನಿಲ್ಲಿಸಿದ. "ಹೇಳೋಣ ಅಂತಲೇ ಹೋದೆ. ಅವರು ಆಗಲೇ ಅಳ್ತಾ ಇದ್ರು. ಇನ್ನು ಹೇಳಿದ್ರೂ ಹೀಗೇ ಅಳೋದು ಅನ್ನಿಸ್ತು," ಎಂದ.

"ಯಾರೂ ಇಲ್ಲ ಅಂದ್ರಂತೆ?"

"ಹಂಗೆ ದಿಢೀರಂತ ಕೇಳಿದ್ರೆ ಏನ್ ಹೇಳ್ಲಿ? ನೀನು ಬೈಬೇಡ. ನೀನು ಬೈದ್ರೆ ನಂಗೆ ಕೆಲ್ಸಾನೇ ಓಡಲ್ಲ. ಬಿಟ್ಟು ಹೋಗ್ಬಿಡ್ತೀಯೇನೋ ಅಂತ ಒಂದೇ ಸಮ..." ಅವನ ಕಣ್ಣು ನಿಜವಾಗಿಯೂ ತುಂಬಿತ್ತು. ಪ್ರತಿ ಸಲವೂ ಹೀಗೇ. ನೋವಾಗಿದ್ದು ಅವಳಿಗೆ, ಸಮಾಧಾನ ಹೇಳಿಸಿಕೊಳ್ಳುವವನು ಅವನು. "ಆರತಕ್ಷತೆ ದಿನ ಹೇಳ್ತೀನಿ. ಎಲ್ಲ ಖುಷಿಯಾಗಿರ್ತಾರೆ. ನೀನೂ ಅಲ್ಲೇ ಇರ್ತೀಯ. ಅಮ್ಮನ ಆಣೆ." ಆಣೆ ಇಟ್ಟ ಬಾಯಲ್ಲೇ, ಎದ್ದು ಹೊರಡುವಾಗ ಕೇಳಿದ: "ಜಡೆ ತಗೊಂಡು ಹೆಂಗ್ ಬರ್ತೀಯ? ಆ ಖಾದರ್ ಆಟೋದಲ್ಲಾ?"

ಖಾದರ್ ಸಾಬಿರಾಳ ತಮ್ಮ. ಎರಡು ಮಕ್ಕಳ ತಂದೆ. ಜಡೆಯ ಉದ್ದನೆಯ ಡಬ್ಬಿ ಅಲುಗದ ಹಾಗೆ ಹಳ್ಳ ತಪ್ಪಿಸಿ ಆಟೋ ಓಡಿಸುವುದು ಅವನಿಗೆ ಮಾತ್ರ ಗೊತ್ತಿತ್ತು. ಎರಡು ವರ್ಷದ ಹಿಂದೆ ಆ ಆಟೋದಿಂದ ಅವಳು ನಗುತ್ತ ಇಳಿದದ್ದನ್ನು ಕಂಡು ಪ್ರೇಮ್‌ಕುಮಾರ್ ಎಂಟು ದಿನ ರಿಂಗೇ ಕೊಟ್ಟಿರಲಿಲ್ಲ. ಬೇಡವೆಂದೂ ಹೇಳಿರಲಿಲ್ಲ. ಅವಳೇ ಅರ್ಥಮಾಡಿಕೊಂಡು ಬಸ್ಸಿನಲ್ಲಿ ಹೋಗತೊಡಗಿದಳು. ಒಂದು ದಿನ ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಬ್ರೇಕ್ ಹಾಕಿದ ರಭಸಕ್ಕೆ ಯಾರದೋ ಮೊಣಕೈ ಡಬ್ಬಿಯ ಮೇಲೆ ಬಿದ್ದು ಅರ್ಧ ಜಡೆ ನಜ್ಜುಗುಜ್ಜಾಯಿತು. ಛತ್ರದ ಮೂಲೆಯಲ್ಲಿ ಕೂತು ಸಿಕ್ಕಿದ ಕನಕಾಂಬರದಲ್ಲಿ ತೇಪೆ ಹಾಕಿದಳು. ಮದುಮಗಳ ಅತ್ತೆ ನೆರೆದವರ ಎದುರೇ ಬೈದರು. ಆ ದಿನವೂ ಅವಳು ಅವನಿಗೆ ಏನೂ ಹೇಳಿರಲಿಲ್ಲ. ಸುಮ್ಮನಿರುವುದು ತಾಳ್ಮೆ ಎಂದುಕೊಂಡಿದ್ದಳು.

ಮೂರು ಗಂಟೆಗೆ ಜಡೆ ಮುಗಿಯಿತು. ಅಮ್ಮ ಒಳಕೋಣೆಯಿಂದ ಬಂದು ಕಣ್ಣು ಕಿರಿದು ಮಾಡಿಕೊಂಡು, ಬೆರಳಿನಿಂದ ಮೊಗ್ಗಿನ ಸಾಲುಗಳನ್ನು ತಡವಿ ನೋಡಿದಳು. "ಬಿಗಿಯಾಗಿದೆ ಕಣ್ಣಮ್ಮಾ. ಬೀಳಲ್ಲ," ಎಂದಳು. ಮಗಳ ವಿಷಯ ಅವಳಿಗೆ ಎಷ್ಟು ಗೊತ್ತಿತ್ತೋ, ಎಂದೂ ಕೇಳಿದವಳಲ್ಲ.

"ಸಾಬಿರಾ, ಖಾದರ್‌ಗೆ ಬರೋಕೆ ಹೇಳು," ಎಂದಳು ಸುಕನ್ಯ.

ಸಾಬಿರಾ ಹುಬ್ಬೇರಿಸಿದಳು. "ಟ್ರಿಂಗ್ ಸಾಬ್?"

"ಜಡೆ ಹಾಳಾಗ್ಬಾರ್ದಲ್ಲ."

ಛತ್ರ ಕೆ.ಆರ್. ಪುರದಲ್ಲಿತ್ತು. ಮದುಮಗಳ ಕೋಣೆಯಲ್ಲಿ ಪೌಡರು, ಹೂವು, ಬಿಸಿ ಇಸ್ತ್ರಿಯ ವಾಸನೆ. ಧನಲಕ್ಷ್ಮಿ ಅಣ್ಣನದೇ ಮೂಗು, ಅಣ್ಣನದೇ ಕಿವಿ ಹೊತ್ತುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಆದರೆ ಮಾತಿನ ಮಲ್ಲಿ. "ಅಕ್ಕ, ಭಾರ ಆಗಲ್ವಾ? ನಾನು ತಲೆ ತಿರುಗಿಸ್ತಾನೇ ಇರ್ತೀನಿ, ಮೊದಲೇ ಹೇಳಿದ್ದೀನಿ. ನಮ್ಮಣ್ಣನ ಥರ ಬೊಂಬೆ ಹಂಗೆ ಕೂರೋಕೆ ನಂಗಾಗಲ್ಲ." ಸುತ್ತಲಿದ್ದವರು ನಕ್ಕರು. ಸುಕನ್ಯ ಜಡೆಯನ್ನು ಬೆನ್ನಿಗೆ ಹೊಂದಿಸಿ, ಮೇಲಿನಿಂದ ಕೆಳಗಿನವರೆಗೆ ಪಿನ್ನು, ದಾರ ಬಿಗಿದಳು. ಅಳತೆ ಒಂದು ಬೆರಳೂ ಹೆಚ್ಚುಕಡಿಮೆ ಇರಲಿಲ್ಲ. ಎಲ್ಲರೂ ಮದುಮಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆ ಹೊತ್ತು ಅವಳಿಗೂ ಸಂತೋಷವಾಯಿತು. ಈ ಮನೆಯ ಹೆಣ್ಣಿಗೆ ತನ್ನ ಕೈಯ ಹೂವು ಏರಿತಲ್ಲ ಎಂಬ ಆಸೆಯ ಸಂತೋಷ.

ಹೊರಗೆ ಓಣಿಯಲ್ಲಿ, ನೀರಿನ ಡ್ರಮ್ಮುಗಳ ಪಕ್ಕ, ಪ್ರೇಮ್‌ಕುಮಾರ್ ಕಾಯುತ್ತಿದ್ದ. ಹೊಸ ಷರಟು, ಹಣೆಯಲ್ಲಿ ಕುಂಕುಮ.

"ಹೇಳಿದ್ರಾ?" ಎಂದು ಕೇಳಿದಳು.

"ಬೆಳಿಗ್ಗೆಯಿಂದ ಜನ, ಜನ. ಈಗ ಹೇಳ್ಬೇಕು." ಅವನು ದನಿ ತಗ್ಗಿಸಿದ. "ಖಾದರ್ ಆಟೋ ನೋಡ್ದೆ ಹೊರಗೆ."

"ಹೌದು. ಸಾಬಿರಾನೂ ಇದ್ದಾಳೆ."

"ಅಲ್ಲ, ಸುಮ್ನೆ ಕೇಳ್ದೆ." ಅವನ ಮುಖ ಮುದುಡಿತು. ತಾಯಿಗೆ ಹೇಳಬೇಕಾದ ಮಾತಿಗಿಂತ ಆ ಆಟೋವೇ ಅವನ ತಲೆಯಲ್ಲಿ ದೊಡ್ಡದಾಗಿ ನಿಂತಿದ್ದು ಅವಳಿಗೆ ಕಾಣುತ್ತಿತ್ತು.

ಅಷ್ಟರಲ್ಲಿ ಗಂಗಲಕ್ಷ್ಮಮ್ಮ ತಟ್ಟೆ ಹಿಡಿದು ಓಣಿಗೇ ಬಂದರು. ಅರಿಶಿನ ಕುಂಕುಮ, ರವಿಕೆ ಕಣ, ಎಲೆ ಅಡಿಕೆ. "ಎಲ್ಲೋದ್ಯೋ ಅಂತ ಹುಡುಕ್ತಾ ಇದ್ದೆ ತಾಯಿ. ಬರಿ ಕೈಲಿ ಹೋದೀಯ? ನನ್ ಮಗಳು ಮಹಾಲಕ್ಷ್ಮಿ ಹಂಗೆ ಕಾಣ್ತಾ ಅವ್ಳೆ." ಸುಕನ್ಯ ಬಗ್ಗಿ ಕುಂಕುಮ ಇಡಿಸಿಕೊಂಡಳು. ಅವರು ಮಗನ ಕಡೆ ತಿರುಗಿದರು, ಮತ್ತೆ ಇವಳ ಕಡೆ. ಇಬ್ಬರೂ ನಿಂತ ರೀತಿಯಲ್ಲಿ ತಾಯಿಯ ಕಣ್ಣಿಗೆ ಏನೋ ಹತ್ತಿರಬೇಕು. ನಗುತ್ತಲೇ ಕೇಳಿದರು: "ಏನ್ಲಾ ಪ್ರೇಮ, ನಿಂಗೆ ಇವಳ ಪರಿಚಯ ಐತಾ?"

ಒಳಗೆ ನಾದಸ್ವರದವರು ಶ್ರುತಿ ಹಿಡಿಯುತ್ತಿದ್ದರು. ಈ ಸಲ ತಾನು ಬಾಯಿ ಬಿಡಬಾರದು ಎಂದುಕೊಂಡಳು ಸುಕನ್ಯ. ಮಿಕ್ಸಿ ಅಂಗಡಿಯಲ್ಲಿ ಬಿಟ್ಟ ಹಾಗೆ ಬಿಟ್ಟರೆ ಮುಂದೆ ಬಾಳೆಲ್ಲ ತಾನೇ ಮಾತಾಡುತ್ತಿರಬೇಕು. ಅವನ ಮುಖವನ್ನೇ ನೋಡಿದಳು. ಅವನ ಕಿವಿ ಕೆಂಪಾಯಿತು. ಥೇಟು ಅವತ್ತಿನ ಹಾಗೆ.

"ಅಂಗಡಿಗೆ... ಮಿಕ್ಸಿ ತಂದಿದ್ರು ಒಂದ್ಸಲ," ಎಂದ.

"ಓ, ಹಂಗಾ," ಎಂದರು ಗಂಗಲಕ್ಷ್ಮಮ್ಮ. ಅರೆಗಳಿಗೆ ಕಾದರು. ಇನ್ನೂ ಏನಾದರೂ ಬರಬಹುದೆಂದು ಕಾದ ಹಾಗಿತ್ತು. ಬರಲಿಲ್ಲ. "ಊಟ ಮಾಡ್ಕೊಂಡೇ ಹೋಗ್ಬೇಕು ನೋಡಮ್ಮ. ಬೇಗ ನಿಂಗೂ ಕಂಕಣ ಕೂಡಿ ಬರ್ಲಿ," ಎಂದು ಅವಳ ಗಲ್ಲ ಮುಟ್ಟಿ, ಒಳಗಿನಿಂದ ಯಾರೋ ಕೂಗಿದ್ದಕ್ಕೆ ಹೊರಟುಹೋದರು.

ಪ್ರೇಮ್‌ಕುಮಾರ್ ನೆಲ ನೋಡುತ್ತ, "ಹಂಗೆ ಎದುರಿಗೇ ಕೇಳ್ಬಿಟ್ರೆ... ನಾಳೆ ಬೀಗರೂಟ ಮುಗೀಲಿ," ಎಂದ. "ಬೇಜಾರಾ? ಏನಾದ್ರೂ ಹೇಳು. ಮನೆಗೆ ಹೋದ್ಮೇಲೆ ರಿಂಗ್ ಕೊಡ್ತೀಯಲ್ಲ?"

ಸುಕನ್ಯ ಅವನನ್ನು ನೋಡಿದಳು. ಸಿಟ್ಟು ಬರುತ್ತದೆಂದು ಕಾದಳು, ಬಂದದ್ದು ಆಯಾಸ. ಅವನು ಹೇಳಿದ್ದು ಸುಳ್ಳೂ ಅಲ್ಲ. ಒಂದಲ್ಲ, ಮೂರು ಸಲ ತಂದಿದ್ದಳು, ಅಷ್ಟೇ.

"ತಂಗಿ ಫೋಟೊಗೆ ಕಾಯ್ತಾ ಇರ್ತಾರೆ, ಹೋಗಿ," ಎಂದಳು.

ಊಟಕ್ಕೆ ನಿಲ್ಲಲಿಲ್ಲ. ಆಟೋದಲ್ಲಿ ಖಾಲಿ ಡಬ್ಬಿ ಅವಳ ಮತ್ತು ಸಾಬಿರಾಳ ಕಾಲಿಗೆ ಅಡ್ಡವಾಗಿತ್ತು. ತೂಗುಸೇತುವೆ ದಾಟುವಾಗ ಇನ್ನೂ ಬೆಳಕಿತ್ತು. ಕೆಳಗೆ ರೈಲು ಹಳಿಗಳು ಮಿನುಗುತ್ತಿದ್ದವು. ಸಾಬಿರಾ ಛತ್ರದ ಹೆಂಗಸರ ಒಡವೆಗಳನ್ನು ಒಂದೊಂದಾಗಿ ವರ್ಣಿಸಿ ಮುಗಿಸಿ, ಕೊನೆಗೆ ತಡೆಯಲಾರದೆ ಕೇಳಿದಳು. "ಹೇಳಿದ್ನಾ?"

"ಮದುವೆ ಗಲಾಟೆ," ಎಂದಳು ಸುಕನ್ಯ.

"ಹೂಂ. ಮಿಕ್ಸಿ ರಿಪೇರಿಯವನ ಬಾಯಿ ಯಾರು ರಿಪೇರಿ ಮಾಡ್ತಾರೆ," ಎಂದು ಸಾಬಿರಾ ಗೊಣಗಿದಳು. ಮುಂದೆ ಖಾದರ್ ಕೇಳಿಸಿಕೊಂಡೂ ಕೇಳಿಸಿಕೊಳ್ಳದವನ ಹಾಗೆ ಹಳ್ಳ ತಪ್ಪಿಸಿದ.

ಹಲಸೂರು ಹತ್ತಿರ ಬರುವಷ್ಟರಲ್ಲಿ ಮೊಬೈಲು ಒಂದು ಸಲ ಹೊಡೆದುಕೊಂಡು ನಿಂತಿತು. ಅವಳ ಹೆಬ್ಬೆರಳು ಅಭ್ಯಾಸದಿಂದ ಗುಂಡಿಯ ಮೇಲೆ ಹೋಗಿ ಕೂತಿತು. ಒತ್ತಿದರೆ ಅವನಿಗೆ ನಿದ್ದೆ ಬರುತ್ತದೆ. ನಾಳೆ ಬೀಗರೂಟ, ಆಮೇಲೆ ಆಷಾಢ, ಆಮೇಲೆ ತಂಗಿಯ ಮೊದಲ ಗೌರಿ ಹಬ್ಬ. ಪ್ರತಿಯೊಂದರ ಕೊನೆಗೂ ಒಂದು ರಿಂಗು. ತಾನೇ ಫೋನು ಮಾಡಿ ಮಾತಾಡಿ ಮುಗಿಸಿಬಿಡಬಹುದಿತ್ತು. ಆದರೆ ಹಾಗೆ ಮಾಡಿದರೆ ಆ ಕೆಲಸವನ್ನೂ ಅವನ ಪರವಾಗಿ ಅವಳೇ ಮಾಡಿದ ಹಾಗಾಗುತ್ತಿತ್ತು. ಅವನು ಅಳುತ್ತಾನೆ, ಅವಳು ಸಮಾಧಾನ ಹೇಳುತ್ತಾಳೆ, ಅಲ್ಲಿಗೆ ಮತ್ತೆ ಮೊದಲಿನಿಂದ ಶುರು.

ಹೆಬ್ಬೆರಳನ್ನು ತೆಗೆದಳು. ಇವತ್ತು ಕೊಡುವುದಿಲ್ಲ. ನಾಳೆಯೂ ಇಲ್ಲ. ಅವನು ಮೂವತ್ತು ಸಲ ಹೊಡೆಯಲಿ, ಮುನ್ನೂರು ಸಲ ಹೊಡೆಯಲಿ. ಬೀದಿಯ ಕೊನೆಯ ಟೀ ಅಂಗಡಿಯಿಂದ ಅವಳ ಮನೆ ಬಾಗಿಲಿಗೆ ನಲವತ್ತು ಹೆಜ್ಜೆ. ಅವನು ನಡೆದು ಬರುವವನಲ್ಲವೆಂದು ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದದ್ದಕ್ಕೇ ಕಣ್ಣು ಉರಿಯಿತು.

"ವಾಪಸ್ ಕೊಡಲ್ವಾ?" ಎಂದಳು ಸಾಬಿರಾ.

"ಬ್ಯಾಟರಿ ಮುಗಿದಿದೆ," ಎಂದಳು ಸುಕನ್ಯ. ಮೊಬೈಲನ್ನು ಖಾಲಿ ಡಬ್ಬಿಯೊಳಗಿನ ಒದ್ದೆ ಬಟ್ಟೆಯ ಪಕ್ಕ ಇಟ್ಟು ಮುಚ್ಚಳ ಹಾಕಿದಳು. ಆಮೇಲೆ ಮುಂದಕ್ಕೆ ಬಾಗಿ, "ಖಾದರ್, ಗುರುವಾರ ಕಲ್ಯಾಣ ನಗರದಲ್ಲಿ ಒಂದು ಜಡೆ ಇದೆ. ನಾಲ್ಕು ಗಂಟೆಗೆ ಬರ್ತೀಯಾ?" ಎಂದು ಕೇಳಿದಳು.